ಕ್ಲಚ್ ಸವೆದದ್ದು ಯಾರಿಂದ?

"ಮನೆಯವರು ಓಡಿಸ್ತಾರಲ್ವಾ? ಮತ್ತೆ ಕ್ಲಚ್ ಹೋಗದೆ ಇರುತ್ತಾ?" ಗ್ಯಾರೇಜಿನವನು ನಗುತ್ತಾ ಹೀಗೆಂದಾಗ ನನ್ನ ಪತ್ನಿ ಏನೂ ಹೇಳಲಿಲ್ಲ. ಮನೆಗೆ ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿದವಳು ಎರಡು ವಾರ ಅದನ್ನು ಮುಟ್ಟಲಿಲ್ಲ. ಮಕ್ಕಳು ಆಟೋದಲ್ಲಿ ಶಾಲೆಗೆ ಹೋದರು. ನಮ್ಮದು ಹಳೆಯ ಮಾರುತಿ 800. 2014ರಲ್ಲಿ ಅದರ ತಯಾರಿಕೆ ನಿಂತಿತಾದರೂ ನಮ್ಮಂಥವರ ಅಂಗಳಗಳಲ್ಲಿ ಇನ್ನೂ ಉಳಿದಿದೆ.

ಸಹೋದರಿಯರೇ, ಇಂಥ ಮಾತು ನೀವೂ ಕೇಳಿರಬಹುದು. ಹಾಗಾಗಿ ಕ್ಲಚ್ ಎಂದರೇನೆಂದು ಮೊದಲು ತಿಳಿಯೋಣ. ಇಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರಕ್ಕೆ ಫ್ಲೈವೀಲ್ ಎನ್ನುತ್ತಾರೆ. ಅದಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಇದೆ, ಎರಡು ಅಂಗೈಗಳ ನಡುವೆ ಒತ್ತಿ ಹಿಡಿದ ರೊಟ್ಟಿಯಂತೆ. ಪೆಡಲ್ ತುಳಿದರೆ ಹಿಡಿತ ಬಿಡುತ್ತದೆ, ಕಾಲೆತ್ತಿದರೆ ಬಿಗಿಯುತ್ತದೆ. ಪ್ಲೇಟಿನ ಎರಡು ಬದಿಯ ಲೈನಿಂಗ್ ಸವೆಯುವುದಕ್ಕೆಂದೇ ಇರುವಂಥದ್ದು. ಗಂಡಸು ಓಡಿಸಿದರೂ ಅದು ಸವೆಯುತ್ತದೆ.

ಸವೆದ ಕ್ಲಚ್ಚಿನ ಗುರುತು ಏರುರಸ್ತೆಯಲ್ಲಿ ಸಿಗುತ್ತದೆ. ಎಕ್ಸಿಲರೇಟರ್ ಒತ್ತಿದಾಗ ಇಂಜಿನ್ ಅಬ್ಬರಿಸುತ್ತದೆ, ಕಾರು ಮಾತ್ರ ವೇಗ ಹಿಡಿಯುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಖಚಿತಪಡಿಸಿಕೊಳ್ಳಲು ಸಮತಟ್ಟಾದ ಜಾಗದಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕ್ ಎಳೆದು ಟಾಪ್ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಇಂಜಿನ್ ಕೂಡಲೇ ನಿಂತುಹೋದರೆ ಹಿಡಿತ ಚೆನ್ನಾಗಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆ ಒಮ್ಮೆ ಸಾಕು, ಪದೇಪದೇ ಮಾಡಿದರೆ ಇದ್ದದ್ದೂ ಸುಟ್ಟೀತು. ಇನ್ನು ಪೆಡಲ್ ತುಳಿದಾಗ ಮಾತ್ರ ಕಿರ್ರೆಂದರೆ ಸಂಶಯ ಬೇರಿಂಗಿನ ಮೇಲೆ. ಹೊರಡುವಾಗ ಕಾರು ನಡುಗಿದರೆ ಪ್ಲೇಟಿಗೆ ಆಯಿಲ್ ತಗಲಿರಬಹುದು.

ಆದರೆ ದುಡ್ಡು ಖರ್ಚು ಮಾಡುವ ಮುನ್ನ ಪೆಡಲನ್ನು ಕೈಯಿಂದ ಮೆಲ್ಲನೆ ಒತ್ತಿ ನೋಡಿ. ಕೇಬಲ್ ಇರುವ ಇಂಥ ಕಾರುಗಳಲ್ಲಿ ಬಿಗಿ ಸಿಗುವ ಮೊದಲು ಅದು ಸ್ವಲ್ಪ ಸಡಿಲವಾಗಿ ಚಲಿಸಬೇಕು. ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಸಕಾಲದಲ್ಲಿ ನಟ್ಟು ತಿರುಗಿಸಿ ಸರಿಪಡಿಸದಿದ್ದರೆ ಕ್ಲಚ್ ಸದಾ ಅರ್ಧ ತುಳಿದಂತೆಯೇ ಇರುತ್ತದೆ. ನಮ್ಮ ಪೆಡಲಿನಲ್ಲಿ ಸಡಿಲವೇ ಇರಲಿಲ್ಲ! ಒಂದು ತಿಂಗಳ ಹಿಂದೆ ಕೇಬಲ್ ಬಿಗಿಗೊಳಿಸಿದ್ದು ಅದೇ ಗ್ಯಾರೇಜಿನಲ್ಲಿ. ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಅವನದು ಮೋಸವೋ ಅಜಾಗರೂಕತೆಯೋ, ಅಲ್ಲಾಹನೇ ಬಲ್ಲ.

ಅಷ್ಟರಲ್ಲಿ ಪ್ಲೇಟ್ ಹಾಳಾಗಿತ್ತು. ಗಲ್ಫಿನಲ್ಲಿ ಮೆಕ್ಯಾನಿಕ್ ಆಗಿದ್ದ ಭಾವಮೈದ ರಜೆಗೆ ಬಂದಿದ್ದ. ಒಂದು ಭಾನುವಾರ ಫಜ್ರ್ ನಮಾಝ್ ಮುಗಿಸಿ ಅಂಗಳದಲ್ಲೇ ಕೆಲಸ ಆರಂಭಿಸಿದೆವು. ಅವನ ಮೊದಲ ಷರತ್ತು, ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ತಲೆ ಹಾಕಬಾರದು. ಗಟ್ಟಿ ನೆಲ, ಎರಡು ಸ್ಟ್ಯಾಂಡು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು. ಬ್ಯಾಟರಿ ಕಳಚಿ, ಗೇರ್ ಆಯಿಲ್ ಇಳಿಸಿ, ಕೇಬಲ್, ವಯರ್, ಸ್ಟಾರ್ಟರ್, ಡ್ರೈವ್ ಶಾಫ್ಟ್ ಬಿಚ್ಚಿದೆವು. ಇಂಜಿನ್ನಿಗೆ ಆಸರೆ ಕೊಟ್ಟು ಗೇರ್‌ಬಾಕ್ಸನ್ನು ನೇರವಾಗಿ ಪಕ್ಕಕ್ಕೆ ಎಳೆದಾಗ ಕ್ಲಚ್ ಕಂಡಿತು. ಲೈನಿಂಗ್ ಸವೆದು ರಿವೆಟ್ಟಿನ ತಲೆಗಳು ಮೇಲೆಯೇ ಹೊಳೆಯುತ್ತಿದ್ದವು. ಒಳಗಿನ ಧೂಳನ್ನು ಊದಬೇಡಿ, ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದೆವು. ಇಷ್ಟೆಲ್ಲಾ ಬಿಚ್ಚಿದ ಮೇಲೆ ಹಳೆಯ ಬೇರಿಂಗ್ ಉಳಿಸುವುದು ಉಳಿತಾಯವಲ್ಲ. ಹೊಸ ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸಲು ಒಂದು ಕಡ್ಡಿಯಂಥ ಸಾಧನ ಬೇಕು. ಅದಿಲ್ಲದಿದ್ದರೆ ಗೇರ್‌ಬಾಕ್ಸ್ ಒಳಗೆ ಹೋಗದೆ ಸತಾಯಿಸುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಮರಳಿ ಜೋಡಿಸಿ, ಹೊಸ ಆಯಿಲ್ ಹಾಕಿ, ಪೆಡಲಿಗೆ ಸಡಿಲ ಕೊಡುವಷ್ಟರಲ್ಲಿ ಅಸ್ರ್ ಬಾಂಗ್ ಕೇಳಿಸಿತು. ಅನುಭವಿಗಳಿಲ್ಲದೆ ಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಗ್ಯಾರೇಜಿಗೇ ಕೊಡುವುದಾದರೆ, ಬಿಚ್ಚಿದ ಹಳೆಯ ಪ್ಲೇಟನ್ನು ಕೇಳಿ ಪಡೆದುಕೊಳ್ಳಿ. ರಿವೆಟ್ಟುಗಳನ್ನು ನೀವೇ ನೋಡಬಹುದು.

ಸಂಜೆ ನಾನು ಕಾರು ಓಡಿಸಿದೆ, ಪತ್ನಿ ಪಕ್ಕದಲ್ಲಿದ್ದಳು. ಪೇಟೆ ದಾಟುವಷ್ಟರಲ್ಲಿ ಆಕೆ ಕೇಳಿದಳು, "ನಿಮ್ಮ ಎಡಗಾಲು ಎಲ್ಲಿದೆ?" ನೋಡಿದರೆ ಕ್ಲಚ್ ಪೆಡಲಿನ ಮೇಲೆಯೇ ವಿಶ್ರಮಿಸುತ್ತಿತ್ತು! ವರ್ಷಗಳ ಅಭ್ಯಾಸ. ನಾನು ಕಾರು ಬದಿಗೆ ನಿಲ್ಲಿಸಿ ಕೀಲಿಯನ್ನು ಆಕೆಗೆ ಕೊಟ್ಟೆ.