ಎರೆಹೊಲದ ಹಕ್ಕಿಗೂ ಯೋಜನೆಯಲ್ಲಿ ಪಾಲಿರಲಿ

ಬಳ್ಳಾರಿ ಮಹಾನಗರ ಪಾಲಿಕೆಯ ಎಲ್ಲೆ ನಕಾಶೆಯಲ್ಲಿ ಒಂದು ಗೆರೆಗೆ ಮುಗಿದರೂ, ನಗರದ ಬದುಕು ಆಧರಿಸಿರುವ ಹೊಲ, ಕಾಲುವೆ, ವಿದ್ಯುತ್ ತಂತಿಗಳು ಕುರುಗೋಡು, ಸಿರುಗುಪ್ಪಗಳ ಬಯಲಿನವರೆಗೂ ಚಾಚಿಕೊಂಡಿವೆ. ವಸತಿ, ಕೃಷಿ, ಆಡಳಿತಗಳನ್ನು ರೂಪಿಸುವ ಹಂತದಲ್ಲೇ ಇತರ ಜೀವಿಗಳ ಅಗತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬಹುಜೀವಿ ಸಹಬಾಳ್ವೆಯ ವಿಚಾರ ಇಲ್ಲಿ ನಿಜವಾಗಿ ಒರೆಗೆ ಹತ್ತುವುದು ಎರೆಭೂತ ಎಂಬ ಹಕ್ಕಿಯ ವಿಷಯದಲ್ಲಿ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2011ರಲ್ಲಿ ಇದನ್ನು ಅಳಿವಿನಂಚಿಗೆ ತೀರ ಸಮೀಪಿಸಿದ ಜೀವಿಗಳ ಪಟ್ಟಿಗೆ ಸೇರಿಸಿತು. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಎರೆಭೂತಗಳು ಕಾಣಿಸಿಕೊಂಡಿರುವುದು ಸಿರುಗುಪ್ಪ ಸೀಮೆಯಲ್ಲಿ. ಗಂಡು ಹಕ್ಕಿ ಹದಿನೈದು ಕಿಲೋದವರೆಗೂ ತೂಗುತ್ತದೆ. ಹೆಣ್ಣು ಗೂಡು ಕಟ್ಟದೆ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಒಂಟಿಯಾಗಿ ಕಾವು ಕೊಡುವುದರಿಂದ, ನಾಯಿಯೊಂದು ಮೂಸಿಕೊಂಡು ಬಂದರೂ ಆ ವರ್ಷದ ಸಂತಾನ ಮುಗಿದಂತೆಯೇ. ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವ ಕಾರಣ ಎದುರಿನ ತಂತಿ ದೂರದಿಂದ ಕಾಣುವುದಿಲ್ಲ, ಕಂಡಾಗ ಭಾರವಾದ ದೇಹವನ್ನು ತಟ್ಟನೆ ಹೊರಳಿಸಿಕೊಳ್ಳಲೂ ಆಗುವುದಿಲ್ಲ.

ಜೋಳ, ಕಡಲೆ ಬೆಳೆಯುವ ಮಳೆಯಾಶ್ರಿತ ಎರೆಹೊಲಗಳು ಮತ್ತು ಅವುಗಳ ನಡುವಿನ ಹುಲ್ಲು ಬೀಳುಗಳು ಇದರ ನೆಲೆ. ತುಂಗಭದ್ರಾ ಕಾಲುವೆಯ ನೀರು ಹರಿದ ಕಡೆ ಭತ್ತದ ಗದ್ದೆಗಳೆದ್ದು ರೈತರ ಬಾಳು ಹಸನಾಯಿತು, ಹಕ್ಕಿಯ ನೆಲ ಕುಗ್ಗಿತು. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಬೀಳು ನೆಲವನ್ನು ನಿರುಪಯುಕ್ತವೆಂದು ಬರೆದಿಟ್ಟ ಕಡತಗಳ ತಪ್ಪು ದೊಡ್ಡದು.

ಹವಾಮಾನ ಬಿಕ್ಕಟ್ಟು ಈ ಗಂಟನ್ನು ಇನ್ನಷ್ಟು ಬಿಗಿ ಮಾಡಿದೆ. ಕಲ್ಲಿದ್ದಲನ್ನು ಬಿಡಲು ಬೇಕಾದ ಸೌರ ಮತ್ತು ಪವನ ವಿದ್ಯುತ್ತಿಗೆ ಬಿಸಿಲು, ಗಾಳಿ ಹೇರಳವಾಗಿರುವ ಇಂಥ ಬಯಲೇ ಬೇಕು. ರಾಜಸ್ಥಾನ, ಗುಜರಾತಿನ ಎರೆಭೂತ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟ್, 2024ರಲ್ಲಿ ಅದನ್ನು ಮಾರ್ಪಡಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹವಾಮಾನ ವೈಪರೀತ್ಯದ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಜನರ ಹಕ್ಕೆಂದೂ ಅದೇ ತೀರ್ಪು ಸಾರಿತು. ಎರಡೂ ಕಾಳಜಿಗಳು ನ್ಯಾಯವಾದವೇ, ಆದರೆ ಅವನ್ನು ಹೊಂದಿಸುವ ಕೆಲಸ ನ್ಯಾಯಾಲಯಕ್ಕೆ ಹೋಗುವ ಮೊದಲೇ ಜಿಲ್ಲಾ ಮಟ್ಟದಲ್ಲಿ ಆಗಬೇಕಿತ್ತು.

ಕಂದಾಯ, ನೀರಾವರಿ, ಕೃಷಿ, ವಿದ್ಯುತ್ ಇಲಾಖೆಗಳು ಬೇರೆ ಬೇರೆಯಾಗಿ ನಿರ್ಧರಿಸಿದ ಮೇಲೆ ಉಳಿದದ್ದನ್ನು ಕಾಯುವ ಹೊಣೆ ಅರಣ್ಯ ಇಲಾಖೆಗೆ ಬೀಳುವ ಪದ್ಧತಿ ಬದಲಾಗಲಿ. ಹೊಸ ಗೋಪುರಕ್ಕೆ ಅನುಮತಿ ಕೊಡುವ ಮುನ್ನ ಹಕ್ಕಿಯ ಹಾರುದಾರಿಯನ್ನು ನೋಡುವ, ಬೀಳು ಉಳಿಸಿಕೊಂಡ ರೈತನಿಗೆ ಪ್ರತಿ ಹಂಗಾಮಿಗೂ ಹಣ ಸಂದಾಯ ಮಾಡುವ ವ್ಯವಸ್ಥೆಯನ್ನು ಸರ್ಕಾರ ಸಿರುಗುಪ್ಪದಿಂದಲೇ ಆರಂಭಿಸಬೇಕು.