ಊರೇ ಊರುಗೋಲು

‘ವಯಸ್ಸಾಯಿತು, ಇನ್ನೇನು!’ ಸೊಂಟ, ಮೊಣಕಾಲುಗಳ ನೋವಿನಿಂದ ಹೊಸ್ತಿಲು ದಾಟಲಾರದ ಅಜ್ಜಿಯನ್ನು ಕುರಿತು ನಾವು ಆಡುವ ಮಾತಿದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು ಭತ್ತದ ಬೆಳೆಗೆ ಹೆಸರಾದುದು. ಅಲ್ಲಿನ ದೇಶನೂರಿನಂತಹ ಊರುಗಳಲ್ಲಿ, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಬಾಳು ಸವೆಸಿದವರಿಗೆ ಈ ಸ್ಥಿತಿ ಒದಗಿದರೆ, ಮನೆಯವರು ‘ಸುಮ್ಮನೆ ಮಲಗಿರಿ’ ಎಂದು ಅಕ್ಕರೆಯಿಂದ ಹೇಳುವುದುಂಟು. ಅಪಾಯವಿರುವುದು ಆ ಅಕ್ಕರೆಯಲ್ಲಿಯೇ.

ಕೆಲಸವಿಲ್ಲದ ಸ್ನಾಯು ಕರಗತೊಡಗುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಆರೋಗ್ಯವಂತರಾದ ವೃದ್ಧರು 10 ದಿನ ಹಾಸಿಗೆಯಲ್ಲಿಯೇ ಇದ್ದುದರಿಂದ, ಅವರ ಕಾಲುಗಳ ಕೊಬ್ಬಿಲ್ಲದ ಮಾಂಸಭಾಗವು ಸರಾಸರಿ ಸುಮಾರು 1 ಕಿಲೋಗ್ರಾಂನಷ್ಟು ಕುಗ್ಗಿತು. ಆದಕಾರಣ ವೃದ್ಧರ ಅಂಗವಿಕಲತೆಗೆ ವಯಸ್ಸೊಂದೇ ಕಾರಣವಲ್ಲ, ನಿಷ್ಕ್ರಿಯತೆಯೂ ಕಾರಣ. ವಯಸ್ಸನ್ನು ತಡೆಯಲಾಗದು, ನಿಷ್ಕ್ರಿಯತೆಯನ್ನು ತಡೆಯಬಹುದು.

ಅದಕ್ಕೆ ಸಾಧನವಾದ ಊರುಗೋಲನ್ನೇ ನೋಡೋಣ. ನಾವು ಒಂದು ಕಾಲಿನ ಮೇಲೆ ನಿಂತಾಗ, ಸೊಂಟದ ಕೀಲಿನ ಒಂದು ಕಡೆಗೆ ದೇಹದ ಭಾರ ಜಗ್ಗುತ್ತದೆ. ಇನ್ನೊಂದು ಕಡೆಯಿಂದ ಸ್ನಾಯುಗಳು ಅದನ್ನು ಎಳೆದು ಸರಿದೂಗಿಸುತ್ತವೆ. ಈ ಸ್ನಾಯುಗಳು ಕೀಲಿಗೆ ಸಮೀಪವಿರುವುದರಿಂದ, ಸನ್ನೆಯ ನಿಯಮದಂತೆ, ದೇಹಭಾರಕ್ಕಿಂತ ಹೆಚ್ಚಿನ ಬಲವನ್ನು ಹಾಕಬೇಕಾಗುತ್ತದೆ. ಭಾರವೂ ಎಳೆತವೂ ಕೂಡಿ ಕೀಲನ್ನು ಒತ್ತುತ್ತವೆ. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿದರೆ, ಅದು ಕೀಲಿನಿಂದ ದೂರವಿರುವ ಕಾರಣ, ಸ್ವಲ್ಪ ಊರಿದರೂ ಬಹಳ ಹೊರೆ ಇಳಿಯುತ್ತದೆ. ನೋವಿರುವ ಕಡೆಯಲ್ಲಿಯೇ ಹಿಡಿಯುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು.

ಇಷ್ಟನ್ನು ಕಲಿಸಲು ದೊಡ್ಡ ಆಸ್ಪತ್ರೆ ಬೇಕಿಲ್ಲ. 1978ರ ಆಲ್ಮಾ-ಆಟಾ ಸಮ್ಮೇಳನದ ತರುವಾಯ ವಿಶ್ವ ಆರೋಗ್ಯ ಸಂಸ್ಥೆಯು ಪ್ರಚಾರಕ್ಕೆ ತಂದ ‘ಸಮುದಾಯ ಆಧಾರಿತ ಪುನರ್ವಸತಿ’ಯ ತಿರುಳು ಇದೇ: ಮನೆಯವರಿಗೂ ನೆರೆಯವರಿಗೂ ಸರಳ ವಿದ್ಯೆಯನ್ನು ಕಲಿಸುವುದು. ಅದೇ ಸಂಸ್ಥೆ 2017ರಲ್ಲಿ ಹೊರಡಿಸಿದ ಸೂತ್ರಗಳು ವೃದ್ಧರ ವ್ಯಾಯಾಮ, ದೃಷ್ಟಿ ಮತ್ತು ಶ್ರವಣಗಳ ತಪಾಸಣೆಗಳೊಡನೆ, ಆರೈಕೆ ಮಾಡುವವರಿಗೂ ನೆರವು ಬೇಕೆಂದು ಹೇಳಿದವು.

ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ಯೋಜನೆಯುಂಟು. ಅಂಗವಿಕಲರಾದವರನ್ನೇ ಈ ಕೆಲಸಕ್ಕೆ ಆರಿಸುವುದು ಅದರ ವಿಶೇಷ. ಗುರುತಿನ ಚೀಟಿ, ಮಾಸಾಶನಗಳನ್ನು ಕೊಡಿಸಲು ಅವರು ನೆರವಾಗುತ್ತಾರೆ. ಇದರೊಡನೆ ವ್ಯಾಯಾಮ, ಕೋಲಿನ ಅಳತೆ, ಬಚ್ಚಲಿನ ಹಿಡಿಗಂಬಿ ಇವುಗಳ ಶಿಕ್ಷಣವೂ ಮನೆಬಾಗಿಲಿಗೆ ಬಂದರೆ ಆರೈಕೆ ಪೂರ್ಣವಾದೀತು. ಆದರೆ ‘ವಯಸ್ಸಾಯಿತು’ ಎಂದು ನಾವೇ ಕೈಚೆಲ್ಲಿದರೆ, ಅವರನ್ನು ಕರೆಯುವವರು ಯಾರು?

ವಿದ್ಯಾರ್ಥಿಮಿತ್ರರೇ, ಇಂದು ಸಂಜೆ ಮನೆಯ ಹಿರಿಯರು ಕೋಲನ್ನು ಯಾವ ಕೈಯಲ್ಲಿ ಹಿಡಿದಿದ್ದಾರೆಂದು ನೋಡಿರಿ.