ನಿಮಗಿದು ಗೊತ್ತೆ? ಕಣ್ಣು ಹೋದ ಮೇಲೂ ಭಿತ್ತಿಚಿತ್ರ!

ಬಂಗಾಳದ ಹೆಸರಾಂತ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ (1904–1980) ಅವರಿಗೆ ಚಿಕ್ಕಂದಿನಿಂದಲೂ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದರ ದೃಷ್ಟಿಯೂ ತೀರಾ ಮಂದ. ಆದರೂ 1947ರ ಹೊತ್ತಿಗೆ ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ಕಬೀರ, ಸೂರದಾಸರಂಥ ಸಂತರ ಬೃಹತ್ ಚಿತ್ರಮಾಲೆ ಬರೆದು ಮುಗಿಸಿದ್ದರು.

ಐವತ್ತು ದಾಟಿದ ಮೇಲೆ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ, ಇದ್ದಷ್ಟು ದೃಷ್ಟಿಯೂ ಹೋಯಿತು.

ಕೈ ಮಾತ್ರ ಸುಮ್ಮನಿರಲಿಲ್ಲ. ಬಣ್ಣದ ಕಾಗದ ಕತ್ತರಿಸಿ, ಬೆರಳಿನಿಂದ ತಡವಿ ಜೋಡಿಸಿ ಚಿತ್ರ ಮಾಡಿದರು. ಮೇಣದಲ್ಲಿ ಪುಟ್ಟ ಶಿಲ್ಪ ತಿದ್ದಿದರು. 1972ರಲ್ಲಿ ಶಾಂತಿನಿಕೇತನದ ಕಲಾಭವನದ ಗೋಡೆಗೆ ಸೆರಾಮಿಕ್ ಬಿಲ್ಲೆಗಳ ಭಿತ್ತಿಚಿತ್ರವನ್ನೇ ರೂಪಿಸಿದರು. ಕಣ್ಣಿದ್ದವರೂ ಅಳುಕುವ ಕೆಲಸವದು! ಅದೇ ವರ್ಷ ಶಿಷ್ಯ ಸತ್ಯಜಿತ್ ರೇ ಗುರುವಿನ ಕುರಿತು ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರ ತೆಗೆದರು. ಖ್ಯಾತ ಶಿಲ್ಪಿ ಮೃಣಾಲಿನಿ ಮುಖರ್ಜಿ ಬಿನೋದ್ ಬಿಹಾರಿಯವರ ಮಗಳು.